ಅಗಸೂರಿನ ಗಣಪತಿಗೆ ರಜೆ ಹೊಂದಿಸಿದ್ದು

ಡಿಸೆಂಬರ್ ಮುಗಿಯುತ್ತ ಬಂದಂತೆ ಅಂಕೋಲೆಯ ನಮ್ಮ ಬ್ಯಾಂಕಿಗೆ ಬರುವವರಲ್ಲಿ ಅರ್ಧ ಮಂದಿ ಹಣಕ್ಕಾಗಿ ಬರುವುದಿಲ್ಲ, ಕ್ಯಾಲೆಂಡರಿಗಾಗಿ ಬರುತ್ತಾರೆ. ಒಬ್ಬರಿಗೆ ಒಂದೇ ಎಂದು ಗೋಡೆಗೆ ಚೀಟಿ ಅಂಟಿಸಿದರೂ ಪ್ರಯೋಜನವಿಲ್ಲ. "ಬಾಯೋರೆ, ಅಡುಗೆಮನೆಗೆ ಒಂದು ಆಯ್ತು, ಕೊಟ್ಟಿಗೆಗೆ ಇನ್ನೊಂದು ಕೊಡ್ರಾ" ಎಂದು ಒಬ್ಬರು ಕೇಳಿದರು. ಎಮ್ಮೆಗೆ ಏಕಾದಶಿ ಗೊತ್ತಾಗಬೇಕೇ ಎಂದೆ. "ಎಮ್ಮಿಗಲ್ಲ ಬಾಯೋರೆ, ಎಮ್ಮಿ ಬೆದೆಗೆ ಬಂದ ದಿನ ಗುರುತು ಹಾಕೂಕೆ" ಎಂದರು. ಉತ್ತರ ಸರಿಯಾಗಿತ್ತು. ಇನ್ನೊಂದು ಕೊಟ್ಟೆ.

ಊರವರ ಲೆಕ್ಕದಲ್ಲಿ ಬ್ಯಾಂಕಿನ ರಜೆಗಳನ್ನು ನಿರ್ಧರಿಸುವವಳು ನಾನೇ. ದಿನಾ ಬೆಳಿಗ್ಗೆ ಬಿಣಗಾದಲ್ಲಿ ಬಸ್ಸು ಹತ್ತುತ್ತೇನೆ. ಅದು ಅರ್ಗಾ ದಾಟುವುದರೊಳಗೆ ಒಬ್ಬರಾದರೂ "ನಾಳೆ ಬ್ಯಾಂಕ್ ಇತ್ತಾ?" ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ ಎಂದರೆ "ನಿಮ್ದೇ ಚಲೋ ಮಾರಾಯ್ತಿ" ಎನ್ನುತ್ತಾರೆ. ಇದೆ ಎಂದರೆ "ಯಾಕೆ, ಹಬ್ಬ ಅಲ್ದಾ?" ಎಂದು ನನ್ನನ್ನೇ ಗದರಿಸುತ್ತಾರೆ. ಚಂದ್ರ ಕಾಣದೆ ಈದ್ ರಜೆ ಒಂದು ದಿನ ಮುಂದೆ ಹೋದ ಸಲ, ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಹೊತ್ತುಕೊಂಡೇ ಶಾಖೆಯ ಬಾಗಿಲಿಗೆ ಬಂದು, ನಿನ್ನೆ ರಜೆ ಎಂದು ಹೇಳಿ ಇವತ್ತು ರಜೆ ಮಾಡಿದಿರಿ, ಯಾರನ್ನು ನಂಬಬೇಕು ಎಂದು ಬೈದು ಹೋದದ್ದನ್ನು ಕಾವಲಿನವ ಮರುದಿನ ನನಗೆ ವರದಿ ಮಾಡಿದ. ಚಂದ್ರನ ಪರವಾಗಿ ನಾನು ಬೈಸಿಕೊಂಡಿದ್ದೆ.

ನಿಜ ಹೇಳಬೇಕೆಂದರೆ ನನಗೂ ಇದರ ಹುಚ್ಚು ಇದೆ. ಹೊಸ ಕ್ಯಾಲೆಂಡರ್ ಮನೆಗೆ ತಂದ ಸಂಜೆ ಚಹಾ ಮಾಡಿಕೊಂಡು ನೆಲದ ಮೇಲೆ ಕೂತು, ಇಡೀ ವರ್ಷವನ್ನು ಒಂದೇ ಉಸಿರಿಗೆ ನೋಡಿ ಮುಗಿಸುತ್ತೇನೆ. ಯುಗಾದಿ ಯಾವ ವಾರ, ಆಯುಧಪೂಜೆಯೋ ದಶಮಿಯೋ ಭಾನುವಾರಕ್ಕೆ ಸಿಕ್ಕಿಕೊಂಡಿದೆಯೇ, ದೀಪಾವಳಿಗೆ ಸೇತುವೆ ಕಟ್ಟಲು ಎಷ್ಟು ಸ್ವಂತ ರಜೆ ಬೇಕು. ಗಣರಾಜ್ಯೋತ್ಸವ ಭಾನುವಾರ ಬಂದ ವರ್ಷ ನಾನು ದೇಶದ ಮೇಲೆಯೇ ಮುನಿಸಿಕೊಂಡಿದ್ದೆ. ಎರಡನೇ ಶನಿವಾರದ ಮೇಲೆ ಹಬ್ಬ ಬಂದರೆ ಆ ಹಬ್ಬ ಬಂದೇ ಇಲ್ಲ ಎಂದು ನನ್ನ ಲೆಕ್ಕ.

ಇಷ್ಟಕ್ಕೇ ಮುಗಿಯುವುದಿಲ್ಲ. ನನ್ನ ಗಂಡನಿಗೆ ಬಿಣಗಾದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವನ ವಾರದ ರಜೆ ತಿರುಗುತ್ತಲೇ ಇರುತ್ತದೆ, ನನ್ನ ರಜೆಯ ಹತ್ತಿರ ಬಂದು ಹಾಯ್ದು ಹೋಗುತ್ತದೆ. ಮೇಲಿಂದ ಮೀನಿನ ಪಂಚಾಂಗ ಬೇರೆ. ಸೋಮವಾರ ಮೀನಿಲ್ಲ, ಗುರುವಾರ ಮೀನಿಲ್ಲ, ಶ್ರಾವಣದಲ್ಲಿ ಮೀನಿನ ಸುದ್ದಿಯೇ ಇಲ್ಲ, ಮಳೆಗಾಲದ ಮೊದಲ ದಿನಗಳಲ್ಲಿ ದೋಣಿಯೇ ಕಡಲಿಗೆ ಇಳಿಯುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ರಜೆ ಬುಧವಾರವೋ ಶುಕ್ರವಾರವೋ ಬಂದರೆ ಮಾತ್ರ ರಜೆ. ಸೋಮವಾರ ಬಂದರೆ ಅದು ಮನೆಯಲ್ಲಿ ಕೂತು ಬೇಳೆ ಸಾರು ಉಣ್ಣುವ ದಿನ.

ಅತ್ತೆಗೆ ಇದ್ಯಾವುದೂ ಬೇಡ. ನಾನು ಕ್ಯಾಲೆಂಡರ್ ಹರವಿಕೊಂಡು ಕೂತಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಚವತಿ ಮಾರ್ನೆ ದಿನ ನಿಂಗೆ ರಜೆ ಇತ್ತಾ?"

ಇದರ ಹಿಂದಿನ ಕಥೆ ಇಷ್ಟೇ. ಅತ್ತೆಯ ತವರು ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆಯಲ್ಲಿ ಹೋದರೆ ಸಿಗುವ ಅಗಸೂರು. ಅಲ್ಲಿ ಅವರ ತಮ್ಮನ ಮನೆಯಲ್ಲಿ ಗಣಪತಿ ಕೂರುವುದು ಒಂದೂವರೆ ದಿನ. ಬಿಣಗಾದ ನಮ್ಮ ಮನೆಯಲ್ಲೂ ಒಂದೂವರೆ ದಿನವೇ. ಚೌತಿಯ ಬೆಳಿಗ್ಗೆ ಎರಡೂ ಕಡೆ ಬರುತ್ತಾನೆ, ಮರುದಿನ ಸಂಜೆ ಇಲ್ಲಿ ಕಡಲಿಗೆ ಹೋಗುತ್ತಾನೆ, ಅಲ್ಲಿ ಹೊಳೆಗೆ ಹೋಗುತ್ತಾನೆ. ಅತ್ತೆ ಮದುವೆಯಾಗಿ ಬಂದಂದಿನಿಂದ ಈ ಮನೆಯ ಹಿರಿ ಸೊಸೆ. ಕಾಯಿ ತುರಿಯುವುದರಿಂದ ಹಿಡಿದು ನೇವರಿ ಎಂಬ ಕರಿಗಡುಬು ಕರಿಯುವುದರ ತನಕ, ಎರಡು ದಿನ ಉಣ್ಣಲು ಬರುವ ದಾಯಾದಿಗಳಿಗೆ ಎಲೆ ಹಾಕುವ ತನಕ ಎಲ್ಲವೂ ಅವರದೇ. ಬರುವವರು ಹೆಚ್ಚಿನವರು ಗಂಡಸರು, ಎಲ್ಲರೂ ಹಸಿದವರು.

ಅತ್ತೆ ಕೈ ತೊಳೆದುಕೊಂಡು ಮೂರನೆಯ ದಿನ ಅಗಸೂರಿಗೆ ಹೋಗುವಷ್ಟರಲ್ಲಿ ಅಲ್ಲಿ ಖಾಲಿ ಮಣೆ, ಅದರ ಮೇಲೆ ಒಂದಿಷ್ಟು ಅಕ್ಷತೆ. ಮೇಲೆ ಬಾಡಿ ಜೋತ ಫಲಾವಳಿ. ಗಣಪತಿಯ ತಲೆಯ ಮೇಲೆ ಮರದ ಚೌಕಟ್ಟಿಗೆ ಹಣ್ಣು, ಕಾಯಿ, ಹೂವು ಕಟ್ಟಿ ತೂಗುಹಾಕುವುದನ್ನು ನಮ್ಮಲ್ಲಿ ಫಲಾವಳಿ ಎನ್ನುತ್ತೇವೆ. ಹುಡುಗಿಯಾಗಿದ್ದಾಗ ಅಗಸೂರಿನ ಫಲಾವಳಿ ಕಟ್ಟುತ್ತಿದ್ದವರು ಅತ್ತೆಯೇ. ಗುಡ್ಡಕ್ಕೆ ಹೋಗಿ ಗೌರಿ ಹೂವು, ಕಾಡಿನ ಕಾಯಿ ಎಲ್ಲ ತರುತ್ತಿದ್ದರಂತೆ. ಬಿಣಗಾದಲ್ಲಿ ನನ್ನ ಗಂಡ ಪೇಟೆಯಿಂದ ತಂದ ಸೇಬು, ಮೋಸಂಬಿ ಕಟ್ಟುವಾಗ ಅವರು ಕೆಳಗೆ ನಿಂತು "ಇದು ಫಲಾವಳಿಯಾ, ಆಸ್ಪತ್ರೆಗೆ ಒಯ್ಯೂ ಚೀಲವಾ?" ಎಂದು ಕೇಳದೆ ಒಂದು ಚೌತಿಯೂ ಆಗಿಲ್ಲ.

"ಒಂದ್ಸಲ ಅವ ನೀರಿಗೆ ಹೋಗೂಕೆ ಮುಂಚೆ ನೋಡ್ಬೇಕು" ಎನ್ನುವುದು ಅತ್ತೆಯ ಆಸೆ. ಗಟ್ಟಿಯಾಗಿ ಹೇಳುತ್ತಿರಲಿಲ್ಲ, ಉಪ್ಪು ಕೇಳಿದಂತೆ ಹೇಳುತ್ತಿದ್ದರು. ದಾರಿ ಒಂದೇ ಇತ್ತು. ಮರುದಿನ ಬೆಳಿಗ್ಗೆ ಸೌಟು ನನ್ನ ಕೈಗೆ ಕೊಟ್ಟು ಅವರು ಬಸ್ಸು ಹತ್ತಿದರೆ ಮಧ್ಯಾಹ್ನದ ಒಳಗೆ ಅಗಸೂರು, ಸಂಜೆಯವರೆಗೆ ಸಮಯ. ಆದರೆ ಚೌತಿಗೆ ಮಾತ್ರ ಬ್ಯಾಂಕಿಗೆ ರಜೆ, ಮರುದಿನಕ್ಕೆ ಇಲ್ಲ. ಆ ಮರುದಿನಕ್ಕೆ ನಮ್ಮ ಶಾಖೆಯಲ್ಲಿ ರಜೆ ಕೇಳದವರಿಲ್ಲ. ಕರಾವಳಿಯ ಶಾಖೆಯಲ್ಲಿ ಚೌತಿ ಮರುದಿನ ಕೌಂಟರ್ ನಡೆಸಬೇಕೆಂದರೆ ಬಯಲುಸೀಮೆಯಿಂದ ವರ್ಗವಾಗಿ ಬಂದ ಪಾಪದವರು ಬೇಕು, ಅವರೂ ಸಾಲುವುದಿಲ್ಲ.

ನಾನು ಮದುವೆಯಾಗಿ ಬಂದ ವರ್ಷ, ಹೊಸ ಸೊಸೆಯ ಕೈಗೆ ದೇವರ ಅಡುಗೆ ಕೊಟ್ಟು ಹಿರಿಯವಳು ತವರಿಗೆ ಓಡಿದಳು ಎಂದು ದಾಯಾದಿಗಳು ಆಡಿಕೊಂಡಾರು ಎಂದು ಹೋಗಲಿಲ್ಲ. ಮುಂದಿನ ವರ್ಷ ಮಗ ಹುಟ್ಟಿ ನಾನು ಬಾಣಂತಿ. ಅದರ ಮುಂದಿನ ವರ್ಷ ನನಗೆ ರಜೆ ಸಿಗಲಿಲ್ಲ. ಮತ್ತೊಂದು ವರ್ಷ ರಜೆ ಸಿಕ್ಕಿತು, ಬೆಳಿಗ್ಗೆಯೇ ಹೆದ್ದಾರಿಯ ಮೇಲೆ ಗುಡ್ಡ ಜಾರಿ ಬಸ್ಸು ಬರಲಿಲ್ಲ. ಹೀಗೆ ಗಣಪತಿ ವರ್ಷ ವರ್ಷ ಅತ್ತೆಗೆ ಕೈಕೊಟ್ಟು ಹೊಳೆಗೆ ಇಳಿಯುತ್ತಿದ್ದ. ನನಗೆ ಇದು ಮರ್ಯಾದೆಯ ಪ್ರಶ್ನೆಯಾಗಿತ್ತು. ಊರಿಗೆಲ್ಲ ರಜೆ ಹೇಳುವ ನನಗೆ ಮನೆಯ ಒಬ್ಬ ಹೆಂಗಸಿಗೆ ಅರ್ಧ ದಿನ ಹೊಂದಿಸಲು ಆಗುವುದಿಲ್ಲವೆಂದರೆ ಏನರ್ಥ?

ಆಮೇಲೆ ಆ ಕ್ಯಾಲೆಂಡರ್ ಬಂತು. ಸೆಪ್ಟೆಂಬರ್ ಹಾಳೆ ತೆರೆದವಳೇ ಕೂಗಿದೆ. ಚೌತಿ ಶನಿವಾರ! ಮರುದಿನ ಭಾನುವಾರ! ಯಾರ ಕಾಲನ್ನೂ ಹಿಡಿಯಬೇಕಾಗಿಲ್ಲ, ಯಾವ ಮ್ಯಾನೇಜರನ ಮುಖವನ್ನೂ ನೋಡಬೇಕಾಗಿಲ್ಲ. ಅತ್ತೆ ಸೀರೆಗೆ ಕೈ ಒರೆಸಿಕೊಂಡು ಬಂದು ಆ ಚೌಕದ ಮೇಲೆ ಬೆರಳಿಟ್ಟು ನೋಡಿದರು. "ಅಡ್ಡಿಲ್ಲ" ಎಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಸಂತೋಷಕ್ಕೆ ಬೇರೆ ಶಬ್ದ ಇಲ್ಲ.

ಜನವರಿಯಿಂದಲೇ ತಯಾರಿ ಶುರುವಾಯಿತು. ಹಸಿರು ಅಂಚಿನ ಸೀರೆ ಕಪಾಟಿನಲ್ಲಿ ಮೇಲಿನ ಅಂತಸ್ತಿಗೆ ಹೋಯಿತು. ನನಗೆ ಮರುದಿನದ ಅಡುಗೆಯ ಪಾಠ ಮೊದಲಾಯಿತು. ಬೇಸಿಗೆಯ ಸೆಕೆಯಲ್ಲಿ ಚೌತಿಯ ಬೆರಕೆ ಪದಾರ್ಥ ಖತಖತೆಗೆ ಎಷ್ಟು ಬಗೆಯ ತರಕಾರಿ ಎಂದು ಬಾಯಿಪಾಠ ಒಪ್ಪಿಸಿದ್ದೇನೆ. ಗಂಡ ಅದೇ ಭಾನುವಾರಕ್ಕೆ ತನ್ನ ಪಾಳಿ ಬದಲಿಸಿಕೊಂಡ. ಇಂಥ ಜೋಡಣೆ ನಮ್ಮ ಮನೆಯಲ್ಲಿ ಮದುವೆಯ ನಂತರ ಆಗಿಯೇ ಇರಲಿಲ್ಲ.

ಫೆಬ್ರುವರಿಯಲ್ಲಿ ಅಗಸೂರಿನಿಂದ ಫೋನ್ ಬಂತು. ಅತ್ತೆಯ ತಮ್ಮನ ಸೊಸೆ ಬಸಿರಿ. ತಮ್ಮನ ಮಗ ಅರ್ಗಾದ ನೌಕಾನೆಲೆಯಲ್ಲಿ ವಿದ್ಯುತ್ ಕೆಲಸದವನು, ಅವನ ಹೆಂಡತಿಯ ತವರು ಕಾರವಾರ. ಅತ್ತೆ ಹರ್ಷದಿಂದ ಮಾತಾಡಿ ಫೋನ್ ಇಟ್ಟವರು ಬೆರಳು ಮಡಚತೊಡಗಿದರು. ನನಗೆ ಅರ್ಥವಾಗುವ ಮೊದಲೇ ಅವರ ಮುಖ ಸಪ್ಪಗಾಯಿತು.

"ಚವತಿ ಹತ್ರಕ್ಕೇ ಬರ್ತದೆ" ಎಂದರು.

ಕರಾವಳಿಯ ಹೊರಗಿನವರಿಗೆ ಇದರಲ್ಲಿ ಸಪ್ಪಗಾಗಲು ಏನಿದೆ ಎನಿಸಬಹುದು. ಮನೆತನದಲ್ಲಿ ಮಗು ಹುಟ್ಟಿದರೆ ಹತ್ತು ದಿನ ಮೈಲಿಗೆ. ಬಿಣಗಾದ ಕೊಂಕಣಿಯಲ್ಲಿ ಸುಯೇರ, ಅಗಸೂರಿನ ಕನ್ನಡದಲ್ಲಿ ಅಮೆ. ಆ ದಿನಗಳಲ್ಲಿ ಆ ಮನೆತನದವರು ದೇವರನ್ನು ಮುಟ್ಟುವಂತಿಲ್ಲ, ಗಣಪತಿಯನ್ನು ಕೂರಿಸುವಂತಿಲ್ಲ. ಮದುವೆಯಾಗಿ ಹೊರಗೆ ಹೋದ ಅತ್ತೆಗೆ ಅದು ತಟ್ಟುವುದಿಲ್ಲ. ಆದರೆ ಅಗಸೂರಿನ ಮನೆಗೆ ಪೂರ್ತಿ ತಟ್ಟುತ್ತದೆ. ಮಗು ಚೌತಿಗೆ ಸಾಕಷ್ಟು ಮೊದಲೇ ಹುಟ್ಟಬೇಕು, ಇಲ್ಲ ವಿಸರ್ಜನೆ ಮುಗಿದ ಮೇಲೆ ಹುಟ್ಟಬೇಕು. ನಡುವೆ ಹುಟ್ಟಿದರೆ ನನ್ನ ಶನಿವಾರ, ಭಾನುವಾರ ಎರಡೂ ನೀರುಪಾಲು.

ಆ ಮಳೆಗಾಲವಿಡೀ ಎರಡು ಮನೆಗಳು ಒಂದು ಹೊಟ್ಟೆಯನ್ನು ಕಾಯುತ್ತ ಕೂತವು. ಡಾಕ್ಟರ್ ಹೇಳಿದ ತಾರೀಕು ಚೌತಿಯ ವಾರಕ್ಕೇ ಬರುತ್ತಿತ್ತು. ಬೇಗ ಆಗಲೆಂದು ಅಗಸೂರಿನವರು ಹರಕೆ ಹೊತ್ತರು. ತಡವಾಗಲೆಂದು ಅತ್ತೆ ಹರಕೆ ಹೊತ್ತರು. ಎರಡೂ ಒಬ್ಬ ದೇವರಿಗೇ ಹೋಗುತ್ತಿವೆ, ಅವನು ಗೊಂದಲಕ್ಕೆ ಬೀಳುತ್ತಾನೆ ಎಂದು ನಾನು ಎಚ್ಚರಿಸಿದೆ. ಯಾರೂ ಕೇಳಲಿಲ್ಲ. ಆ ಹುಡುಗಿಯೋ, ಆರಾಮವಾಗಿ ತವರಲ್ಲಿ ಕೂತು ಹುರಿದ ಬಂಗುಡೆ ತಿನ್ನುತ್ತಿದ್ದಳು. ಅವಳೇ ಸರಿ.

ಆಗಸ್ಟ್ ಕಳೆಯುವಾಗ ಅತ್ತೆಯ ತಮ್ಮ ಪುರೋಹಿತರನ್ನು ಕೇಳಿ ಒಂದು ಉಪಾಯ ತಂದರು. ದೂರದಲ್ಲಿ ಹುಟ್ಟಿದ ಮಗುವಿನ ಅಮೆ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ತಟ್ಟುವುದು. ಕಾರವಾರದಲ್ಲಿ ಹುಟ್ಟಿದ್ದು ಅಗಸೂರಿಗೆ ಗೊತ್ತಾಗದಿದ್ದರೆ ಅಗಸೂರಿಗೆ ಅಮೆ ಇಲ್ಲ. ಗೊತ್ತಾಗದಂತೆ ನೋಡಿಕೊಂಡರಾಯಿತು! ಮಗ ಕಾರವಾರದಲ್ಲೇ ಇರಬೇಕು, ಹೆರಿಗೆಯಾದ ಮೇಲೆ ಫೋನ್ ಮಾಡಬಾರದು. ಹೆರಿಗೆಗೆ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದ ಕೂಡಲೇ ಅಗಸೂರಿನ ಮನೆಯ ಫೋನುಗಳೆಲ್ಲ ಬಂದ್. ಅಕ್ಕಪಕ್ಕದವರಿಗೂ ತಾಕೀತು: ಏನು ಕೇಳಿದರೂ ನಮ್ಮಲ್ಲಿ ಬಂದು ಹೇಳಬೇಡಿ. ಮನುಷ್ಯರು ಚಂದ್ರನ ಮೇಲೆ ಯಂತ್ರ ಇಳಿಸುವ ಕಾಲದಲ್ಲಿ ನಮ್ಮವರು ಸ್ವಂತ ಮೊಮ್ಮಗುವಿನ ಸುದ್ದಿಯಿಂದ ತಲೆಮರೆಸಿಕೊಂಡು ಕೂತರು.

ಚೌತಿಗೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಗುರುವಾರ ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ನನ್ನ ಗಂಡ ಆಸ್ಪತ್ರೆಗೆ ಹೋಗಿ ನೋಡಿ ಬಂದು, ಮಗು ಅಗಸೂರಿನವರ ಮೂಗನ್ನೇ ತಂದಿದೆ ಎಂದ. ನಮಗೆ ತಟ್ಟುವುದಿಲ್ಲವಾದ್ದರಿಂದ ನಾವು ಬಾಯಿ ತುಂಬ ಮಾತಾಡಿದೆವು. ಸಂಜೆ ಅತ್ತೆಯ ಫೋನ್ ಬಡಿದುಕೊಂಡಿತು. ಅಪರಿಚಿತ ನಂಬರ್. ಅತ್ತೆ ಎತ್ತಿದರು. ಪಕ್ಕದ ಮನೆಯ ಫೋನಿನಿಂದ ಅವರ ತಮ್ಮ.

"ಅಕ್ಕಾ, ನೀ ಏನೂ ಹೇಳ್ಬೇಡ, ಹ್ಞಾಂ?"

"ನಾ ಏನೂ ಹೇಳೂದಿಲ್ಲ."

"ಅಂದ್ರೆ ಹೇಳೂಕೆ ಏನೋ ಇತ್ತು!"

"ಏನೂ ಇಲ್ಲಪ್ಪಾ!"

"ಏನೂ ಇಲ್ದೆ ಇದ್ರೆ ನಿನ್ ಸ್ವರ ಎಂತಕ್ಕೆ ಅಷ್ಟು ಖುಷೀಲದೆ?"

"ನನ್ ಸ್ವರ ಇರೂದೇ ಹೀಂಗೆ!"

"ಸಾಕು ಸಾಕು, ಇನ್ ಮಾತಾಡ್ಬೇಡ. ನಾಳೆ ಮೂರ್ತಿ ತತ್ತೆ. ಭಾನುವಾರ ಬಾ." ಫೋನ್ ಇಟ್ಟರು. ಇಷ್ಟೇ ಹೇಳಲು ಅವರು ಫೋನ್ ಮಾಡಿದ್ದರೋ, ಮೊಮ್ಮಗುವಿನ ವಿಷಯ ತಡೆಯಲಾಗದೆ ಮಾಡಿದ್ದರೋ, ನನಗಂತೂ ಅನುಮಾನವಿದೆ.

ಅಂತೂ ಗುಟ್ಟು ಉಳಿಯಿತು. ಅತ್ತೆ ಶುಕ್ರವಾರ ಹಸಿರು ಅಂಚಿನ ಸೀರೆಗೆ ಇಸ್ತ್ರಿ ಹಾಕಿಸಿದರು. ನನ್ನ ಖತಖತೆಯ ಪರೀಕ್ಷೆ ಕೊನೆಯ ಬಾರಿಗೆ ನಡೆಯಿತು. ನಾವು ಗಣಪತಿಯ ಮಣೆ ತೊಳೆಯುತ್ತಿದ್ದಾಗ ಮತ್ತೆ ಫೋನ್. ಈ ಸಲ ಅತ್ತೆಯ ತಮ್ಮ ತಮ್ಮದೇ ಫೋನಿನಿಂದ ಮಾಡಿದ್ದರು. ಬಂದ್ ಇರಬೇಕಿದ್ದ ಆ ನಂಬರ್ ನೋಡಿ ನಾನು ಮಣೆ ಕೆಳಗಿಟ್ಟೆ.

ನಡೆದದ್ದು ಹೀಗೆ. ಅವರ ಮಗ ಅಪ್ಪನಿಗೆ ಕೊಟ್ಟ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದ. ಫೋನ್ ಮಾಡಿರಲಿಲ್ಲ, ಸಂದೇಶ ಕಳಿಸಿರಲಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸಿರಲಿಲ್ಲ. ಆದರೆ ನಮ್ಮಲ್ಲಿ ಮಗು ಹುಟ್ಟಿದರೆ ಪೇಡೆ ಹಂಚಬೇಕು. ಅವನು ಕಾರವಾರದಲ್ಲಿ ದೊಡ್ಡ ಡಬ್ಬಿ ಪೇಡೆ ತಗೊಂಡು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅಗಸೂರಿನ ನಿಲ್ದಾಣದಲ್ಲಿ ಅಪ್ಪನ ಮನೆಗೆ ಮುಟ್ಟಿಸಿ ಎಂದಿದ್ದ. ಬಸ್ಸು ಅಗಸೂರಿಗೆ ಬಂದಾಗ ಅತ್ತೆಯ ತಮ್ಮ ಮೂರ್ತಿ ತರಲು ಹೊರಟು ರಸ್ತೆಯ ಬದಿಯಲ್ಲೇ ನಿಂತಿದ್ದರು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಡಬ್ಬಿ ಚಾಚಿದ.

"ಹೆಣ್ಣಂತ್ರೋ! ನಾನೂ ಒಂದು ತಿಂದೆ, ಲಾಯ್ಕ ಅದೆ!"

ಅತ್ತೆಯ ತಮ್ಮ ಎರಡೂ ಕಿವಿ ಮುಚ್ಚಿಕೊಂಡರಂತೆ. ಅಷ್ಟರಲ್ಲಿ ಕೇಳಿ ಆಗಿತ್ತು, ಸಾಕ್ಷಿಗೆ ಬಸ್ಸಿನ ತುಂಬ ಜನರಿದ್ದರು, ಎಲ್ಲರ ಬಾಯಲ್ಲೂ ಪೇಡೆ. ಆಮೇಲೆ ಮಗನನ್ನು ಹಿಗ್ಗಾಮುಗ್ಗಾ ಬೈದಾಗ ಅವನು, "ಸುದ್ದಿ ಹೇಳ್ಬೇಡ ಅಂದ್ರಿ, ಹೇಳ್ಲಿಲ್ಲ. ಪೇಡೆ ಕಳಿಸ್ಬೇಡ ಅಂದಿದ್ರಾ?" ಎಂದನಂತೆ. ಅವನ ಮಾತಿನಲ್ಲೂ ತಪ್ಪು ಹುಡುಕುವುದು ಕಷ್ಟ.

ಅಗಸೂರಿನ ಚೌತಿ ನಿಂತಿತು. ಅತ್ತೆ ಒಳಗೆ ಹೋಗಿ ತುರಿಮಣೆಯ ಮೇಲೆ ಕೂತು, ಬೇಕಾದದ್ದಕ್ಕಿಂತ ಹೆಚ್ಚು ಕಾಯಿ ತುರಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಒಂಬತ್ತು ತಿಂಗಳ ಹಿಂದೆಯೇ ಕ್ಯಾಲೆಂಡರ್ ನೋಡಿ ಯೋಚನೆ ಮಾಡಬೇಕಿತ್ತಲ್ಲ ಎಂದು ಬಾಯಿಗೆ ಬಂದದ್ದನ್ನು ಗಂಡನ ಮುಂದೆ ಹೇಳಿಯೂಬಿಟ್ಟೆ. ಅವನು ಕೆಮ್ಮಿಕೊಂಡು ಹೊರಗೆ ಹೋದ.

ಆ ಭಾನುವಾರದಷ್ಟು ಉದ್ದದ ಭಾನುವಾರವನ್ನು ನಾನು ಕಂಡಿಲ್ಲ. ನನಗೆ ರಜೆ, ಗಂಡನಿಗೆ ರಜೆ, ಅತ್ತೆಗೆ ಹೋಗಲು ಜಾಗವಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರು ತಯಾರಾದ ಹೆಂಗಸರು, ಒಂದೇ ಸೌಟು. ನಾನು ಕಲಿತ ಖತಖತೆಗೆ ಅತ್ತೆ ಮತ್ತೊಮ್ಮೆ ಉಪ್ಪು ಹಾಕಿದರು. ಉಣ್ಣಲು ಬಂದವರು ಎರಡೆರಡು ಲೋಟ ನೀರು ಕುಡಿದು, ಹಬ್ಬ ಗಡದ್ದಾಯಿತು ಎಂದು ಹೋದರು. ಅತ್ತ ಅಗಸೂರಿನ ಹತ್ತಿರದ ಮೂರ್ತಿ ಮಾಡುವವನ ಚಪ್ಪರದಲ್ಲಿ ಎಲ್ಲ ಗಣಪತಿಗಳೂ ಖಾಲಿಯಾಗಿ, ಇವರದೊಂದೇ ತಲೆಗೆ ಟವೆಲ್ ಹೊದ್ದು ಕೂತಿತ್ತಂತೆ.

ಪುರೋಹಿತರು ಅನಂತ ಚತುರ್ದಶಿಗೆ ಕೂರಿಸಿ ಎಂದರು. ಅಷ್ಟರಲ್ಲಿ ಅಮೆ ಕಳೆದಿರುತ್ತದೆ. ಕ್ಯಾಲೆಂಡರ್ ಕಿತ್ತು ನೋಡಿದೆ: ಮಂಗಳವಾರ. ಅದರ ಹಿಂದಿನ ಸೋಮವಾರ ಈದ್ ಮಿಲಾದ್, ಬ್ಯಾಂಕಿಗೆ ರಜೆ! ಒಂದು ದಿನ, ಒಂದೇ ಒಂದು ದಿನ ಹಿಂದೆ ಬಂದರೆ ಸಾಕಿತ್ತು. ತಡೆಯಲಾಗದೆ ಪುರೋಹಿತರಿಗೆ ನಾನೇ ಫೋನ್ ಮಾಡಿದೆ.

"ಭಟ್ರೇ, ಸೋಮವಾರ ಮಾಡೂಕೆ ಬರೂದಿಲ್ವಾ?"

"ಸೋಮವಾರ ಎಂತ ವಿಶೇಷ?"

"ನಮಗೆ ರಜೆ ಇತ್ತು."

"ತಂಗಿ," ಎಂದರು, "ಗಣಪತಿಗೆ ಚೌತಿ ಗೊತ್ತು, ಚತುರ್ದಶಿ ಗೊತ್ತು. ನಿಮ್ಮ ಬ್ಯಾಂಕು ಗೊತ್ತಿಲ್ಲ."

ಸರಿ, ಮ್ಯಾನೇಜರ್ ಹತ್ತಿರ ಹೋದೆ. ಅವರು ಹೊಸಬರು, ರಾಯಚೂರು ಕಡೆಯವರು, ಕರಾವಳಿಯನ್ನು ಇನ್ನೂ ಸಂಶಯದಿಂದ ನೋಡುತ್ತಿದ್ದವರು. ಮಂಗಳವಾರ ಚೌತಿಗೆ ರಜೆ ಬೇಕು ಎಂದೆ. "ಚೌತಿ ಹ್ವಾದ್ವಾರನ ಮುಗೀತಲ್ರಿ?" ಎಂದರು. ಅದು ನಮ್ಮ ಚೌತಿ, ಇದು ಅಗಸೂರಿನದು ಎಂದೆ. ಅಗಸೂರಿಗೆ ಬೇರೆ ಚೌತಿಯೇ ಎಂದರು. ಹಾಗಲ್ಲ ಸಾರ್, ನಮ್ಮ ಅತ್ತೆಯ ತಮ್ಮನ ಮಗನ ಹೆಂಡತಿಗೆ ಹೆರಿಗೆಯಾಗಿ, ಕಂಡಕ್ಟರ್ ಪೇಡೆ ಕೊಟ್ಟದ್ದರಿಂದ ಗಣಪತಿ ಮುಂದಕ್ಕೆ ಹೋಗಿದ್ದಾನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ, "ಒಂದ್ ದಿನ ಸಾಕೇನ್ರಿ, ಇಲ್ಲ ಇನ್ನೆರಡು ದಿನ ರೆಸ್ಟ್ ತಗೋತೀರಿ?" ಎಂದರು.

ರಜೆ ಗೆದ್ದುಕೊಂಡು ಮನೆಗೆ ಬಂದೆ. ಬಸ್ಸಿನಲ್ಲೇ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅತ್ತೆ ಜಗಲಿಯಲ್ಲಿ ಕೂತು ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ಹಸಿರು ಅಂಚಿನ ಸೀರೆ ಮೇಲೆಯೇ ಇತ್ತು.

"ಮಂಗಳವಾರ ರಜೆ ಸಿಕ್ತು ಅತ್ತೆ!" ಎಂದೆ.

"ಯಾರಿಗೆ?"

"ನನಗೆ."

"ನಿಂಗೆ ಎಂತಕ್ಕೆ?" ಎಂದು ನಿಜವಾಗಿ ಆಶ್ಚರ್ಯಪಟ್ಟು ಕೇಳಿದರು. "ಈ ಮನಿ ಗಣಪತಿ ಆಗ್ಲೇ ಕಡ್ಲಿಗೆ ಹೋಗ್ಯಾಯ್ತು. ಇಲ್ಲಿ ಸೌಟು ಹಿಡೂಕೆ ಎಂತ ಉಂಟು? ನಾ ಸೋಮವಾರ ಬೆಳಿಗ್ಗೆನೇ ಹೋಗ್ತೆ. ಫಲಾವಳಿ ನಾನೇ ಕಟ್ತೆ ಅಂದ್ಕಂಡು ತಮ್ಮಂಗೆ ಹೇಳಿ ಆಯ್ತು."

ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತೆ. ಇಷ್ಟು ವರ್ಷ ನಾನು ಅವರಿಗೆ ಅರ್ಧ ದಿನ 'ಹೊಂದಿಸಲು' ಹೆಣಗಿದ್ದೆ. ಪೇಡೆ ಡಬ್ಬಿಯೊಂದು ಅವರಿಗೆ ಇಡೀ ಹಬ್ಬವನ್ನೇ ಹೊಂದಿಸಿಕೊಟ್ಟಿತ್ತು, ಹಿಂದಿನ ದಿನದ ಫಲಾವಳಿಯಿಂದ ಹೊಳೆಯವರೆಗೆ. ಭಟ್ಟರಿಗೆ ಫೋನ್ ಮಾಡಿದವಳಿಗೆ, ಮ್ಯಾನೇಜರರ ಕಣ್ಣಲ್ಲಿ ಹುಚ್ಚಿಯಾಗಿ ಬಂದವಳಿಗೆ ಇಷ್ಟು ಸುಲಭದ ಸಂಗತಿ ಹೊಳೆದಿರಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು, "ಹಾಗಾದರೆ ನಾನೂ ಬರುತ್ತೇನೆ, ಹೇಗೂ ರಜೆ ಇದೆ" ಎಂದೆ.

ಅತ್ತೆ ಚೀಲದ ಜಿಪ್ಪು ಎಳೆದರು. ಆಮೇಲೆ ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕಬೇಡ ಮಗಾ. ನೀ ಬಂದ್ರೆ ನಾ ಅಲ್ಲೂ ಅತ್ತೆ ಆಗ್ತೆ. ಒಬ್ಳೇ ಹೋಗ್ತೆ."

ನನಗೆ ಬೇಜಾರಾಯಿತು. ಅವರ ಮಾತು ಸರಿ ಎಂದೂ ಅನಿಸಿತು. ಎರಡೂ ಒಟ್ಟಿಗೇ ಆದದ್ದರಿಂದ ಚಹಾ ಮಾಡಲು ಒಳಗೆ ಹೋದೆ.

ಸೋಮವಾರ ಅವರನ್ನು ಬಸ್ಸಿಗೆ ಹತ್ತಿಸಿದೆ. ಸರಿಯಾಗಿ ಕುಳಿತೂ ಇರಲಿಲ್ಲ, ಪಕ್ಕದವಳಿಗೆ ಆಗಲೇ "ಅಪ್ಪನ ಮನಿಗೆ" ಎನ್ನುತ್ತಿದ್ದರು. ಅವರಪ್ಪ ತೀರಿ ಎಷ್ಟು ವರ್ಷವಾಯಿತೋ. ಮಂಗಳವಾರ ನಾನು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕನ್ನಡಕ ಸರಿಸಿ, "ಗಣಪತಿ ಮತ್ತ ಮುಂದಕ್ಕ ಹ್ವಾದ್ನೇನ್ರಿ?" ಎಂದರು. ಇಲ್ಲ ಸಾರ್, ನಾನು ಹಿಂದೆ ಬಿದ್ದೆ ಎಂದೆ.

ಮಧ್ಯಾಹ್ನ ಕೌಂಟರಿನಲ್ಲಿ ಜನರಿದ್ದಾಗಲೇ ಫೋನ್ ಬಂತು. ಹಿಂದೆ ಜಾಗಟೆ, ಹಬ್ಬಕ್ಕೆಂದು ಕಾರವಾರದಿಂದ ಕರೆತಂದಿದ್ದ ಮಗುವಿನ ಅಳು, ಯಾರೋ ಜೋರಾಗಿ ನಗುವುದು. ಅತ್ತೆಯ ಸ್ವರ ಗುರುತೇ ಸಿಗಲಿಲ್ಲ. "ಕಂಡೆ" ಎಂದರು. ಆಮೇಲೆ, "ಬಣ್ಣ ಸಮ ಬರ್ಲಿಲ್ಲ ಈ ಸಲ, ಸೊಂಡ್ಲು ಸಣ್ಣ ಆಯ್ತು" ಎಂದು ದೂರಿದರು. "ಇವ್ರು ನಂಗೆ ಒಂದು ಲೋಟ ತೊಳಿಯೂಕೂ ಬಿಡೂದಿಲ್ಲ ಮಾರಾಯ್ತಿ. ಕೂತ್ಕಂಡು ಉಣ್ಣು ಅಂತ್ರು. ಉಂಡೆ." ನನ್ನ ಮುಂದೆ ನಿಂತಿದ್ದ ಗಿರಾಕಿ, ಏನಾಯಿತು ಬಾಯೋರೆ, ಯಾಕೆ ಕಣ್ಣು ಒರೆಸಿಕೊಳ್ಳುತ್ತೀರಿ ಎಂದ. ಧೂಳು ಎಂದೆ.

ಬುಧವಾರ ರಾತ್ರಿಗೆ ಬರುತ್ತೇನೆ ಎಂದವರು ಬರಲಿಲ್ಲ. ಗುರುವಾರವೂ ಇಲ್ಲ. ಫೋನ್ ಮಾಡಿದರೆ, "ಮಗು ಕೈಬಿಡೂದಿಲ್ಲ" ಎಂದರು, ಎರಡು ವಾರದ ಮಗು. ಜೀವಮಾನದಲ್ಲಿ ಮೊದಲ ಸಲ ಅತ್ತೆ ರಜೆ ಹಾಕಿದ್ದರು, ಅರ್ಜಿ ಕೊಡದೆ, ಯಾರನ್ನೂ ಕೇಳದೆ. ಅವರು ಬರುವವರೆಗೆ ಗಂಡನೂ ಮಗನೂ ನಾನೂ ದಿನಾ ಖತಖತೆ ಉಂಡೆವು. ನನಗೆ ಆಗ ಅದೊಂದೇ ಚೆನ್ನಾಗಿ ಬರುತ್ತಿತ್ತು.

ಡಿಸೆಂಬರ್ ಬಂತು. ಹೊಸ ಕ್ಯಾಲೆಂಡರ್ ತಂದು ನೆಲದ ಮೇಲೆ ಹರವಿದೆ. ಮುಂದಿನ ಚೌತಿ ಬುಧವಾರ, ಮರುದಿನ ಗುರುವಾರ, ಹಿಂದೆ ಮುಂದೆ ಯಾವ ರಜೆಯ ಆಸರೆಯೂ ಇಲ್ಲದ ಅನಾಥ ಗುರುವಾರ. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಪ್ರಶ್ನೆ ಬರುತ್ತದೆಂದು ನಾನು ಮೊದಲೇ ತಯಾರಾಗಿ, "ಈ ಸಲ ಕಷ್ಟ ಅತ್ತೆ, ಆದರೆ ಈಗಲೇ ಅರ್ಜಿ ಕೊಟ್ಟರೆ..." ಎಂದು ಶುರುಮಾಡಿದೆ.

"ಅದೆಲ್ಲ ಮಡಚಿ ಇಡು" ಎಂದರು ಅತ್ತೆ. "ನಿನ್ ಕ್ಯಾಲೆಂಡರಿಂದ ಎಂತ ಆಗೂದಿಲ್ಲ. ಅಗಸೂರಿಗೆ ಫೋನ್ ಹಚ್ಚು. ಎರಡ್ನೇದು ಯಾವಾಗ ಅಂದ್ಕಂಡು ಕೇಳು."